ಕತ್ತು ನಿಲ್ಲದ ಗೊಂಬೆ

ನನ್ನ ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ನಾನು ಹೇಳಹೊರಟಿರುವುದು ಹಿರಿಯವಳ ವಿಷಯ. ಅದು ಸುಲಭದ ಮಾತಲ್ಲ, ಯಾಕೆಂದರೆ ತನ್ನ ಬಗ್ಗೆ ಅವಳೇ ಬಾಯಿ ಬಿಡುವವಳಲ್ಲ. ಕಿರಿಯವಳು ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಶುರುವಾದ ಮಾತು ಸಂಜೆ ಮೆಟ್ಟಿಲು ಇಳಿಯುವಾಗಲೂ ಮುಗಿದಿರುವುದಿಲ್ಲ, ಅದಕ್ಕೇ ನಮ್ಮಲ್ಲಿ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಾರೆ. ಹಿರಿಯವಳಿಗೆ ಅಡ್ಡಹೆಸರು ಇಡುವ ಧೈರ್ಯ ಯಾರಿಗೂ ಬಂದಿಲ್ಲ. ದೊಡ್ಡವಳು ಎಂದರೆ ಸಾಕು, ಎಲ್ಲರಿಗೂ ಗೊತ್ತು.

ನಮ್ಮಲ್ಲಿ ಎಂದರೆ ನನ್ನ ದಿಂಬಿನ ಕಾರ್ಖಾನೆಯಲ್ಲಿ. ಕಾರ್ಖಾನೆ ಎನ್ನುವುದು ನನ್ನ ಜಂಬ. ಬಣ್ಣದ ಅಂಗಡಿಯ ಮೇಲಿರುವ ಉದ್ದನೆಯ ಒಂದು ಕೋಣೆ, ಅಷ್ಟೇ. ದಿಂಬು, ಹಾಸಿಗೆ, ಕುರ್ಚಿಗೆ ಹಾಕುವ ಮೆತ್ತೆ ಮಾಡುತ್ತೇವೆ. ಕಿಟಕಿಯ ಪಕ್ಕದ ಮೇಜು ದೊಡ್ಡವಳದು. ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು ಅವಳ ಕೆಲಸ. ನಡುವೆ ಹೊಲಿಗೆಯ ಮಿಷನ್ನುಗಳು. ಕೊನೆಯಲ್ಲಿ, ಜಾಲರಿ ಕಟ್ಟಿದ ಮೂಲೆಯಲ್ಲಿ ಹತ್ತಿ ತುಂಬುತ್ತೇವೆ. ಮೊದಲು ಅಲ್ಲಿ ಗಿಣಿ ಕೂರುತ್ತಿದ್ದಳು. ಬಸುರಿಯಾದ ಮೇಲೆ ಆ ಧೂಳು ಬೇಡವೆಂದು ಅವಳನ್ನು ಈಚೆ ಕರೆದು, ತುಂಬಿದ ದಿಂಬಿನ ಬಾಯಿ ಹೊಲಿಯಲು ಕೂರಿಸಿದೆ. ಊರ ದಿಂಬುಗಳ ಬಾಯನ್ನೆಲ್ಲ ಹೊಲಿದಳು, ತನ್ನದೊಂದು ಬಿಟ್ಟು.

ಏಳನೆಯ ತಿಂಗಳ ಹೊತ್ತಿಗೆ ಅವಳ ತಲೆಗೆ ಒಂದೇ ಹುಳ ಹೊಕ್ಕಿತ್ತು. ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬರನ್ನು ಬಿಡುತ್ತಾರೆ, ಆ ಒಬ್ಬರು ತನ್ನ ಅಕ್ಕನೇ ಆಗಬೇಕು. ಗಂಡ ಲಾರಿ ಓಡಿಸುವವನು. ಇವತ್ತು ಈ ದಿಕ್ಕಿನಲ್ಲಿದ್ದರೆ ನಾಳೆ ಇನ್ನೊಂದು ದಿಕ್ಕಿನಲ್ಲಿ. ಮನೆಯಲ್ಲಿದ್ದರೂ ಅವನಿಂದ ಉಪಯೋಗವಿಲ್ಲ. ಒಮ್ಮೆ ನಮ್ಮಲ್ಲಿಗೆ ಬಂದಾಗ ಯಾರದೋ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಬಂದದ್ದನ್ನು ನೋಡಿ ಮೂರ್ಛೆ ಹೋಗಿದ್ದ. ಬಿದ್ದದ್ದು ಹತ್ತಿ ಮೂಟೆಯ ಮೇಲೆ, ಅದೊಂದು ಅವನ ಪುಣ್ಯ. ನನ್ನನ್ನು ಬಿಟ್ಟುಬಿಡು, ನಿಮ್ಮಕ್ಕನನ್ನೇ ಕರೆದುಕೋ ಎಂದು ಅವನೇ ಫೋನಿನಲ್ಲಿ ಬೇಡಿಕೊಂಡನಂತೆ. ನನ್ನನ್ನು ಕರೆಯಬಹುದಿತ್ತು. ಚಿಕ್ಕಮ್ಮ ಒಳಗೆ ಬಂದರೆ ಹೆರಿಗೆ ಮಾಡಿಸುವುದು ಹೇಗೆಂದು ಡಾಕ್ಟರಿಗೇ ಪಾಠ ಹೇಳುತ್ತಾಳೆ ಎಂದು ಗಿಣಿ ಎಲ್ಲರೆದುರು ಆಡಿಕೊಂಡಳು. ಇರಲಿ, ಅದರಲ್ಲಿ ಸುಳ್ಳೇನಿಲ್ಲ.

ಅಕ್ಕನೇ ಬೇಕು ಎನ್ನುವುದಕ್ಕೆ ಕಾರಣವಿತ್ತು. ನನ್ನ ಅಕ್ಕ ತೀರಿಕೊಂಡಾಗ ಗಿಣಿ ತನ್ನ ಜಡೆ ತಾನು ಹಾಕಿಕೊಳ್ಳಲೂ ಬಾರದ ಹುಡುಗಿ. ಜಡೆ ಹಾಕಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ಮೊದಲ ಸಲ ಮುಟ್ಟಾಗಿ ಹೆದರಿ ಅತ್ತಾಗ ಬಟ್ಟೆ ಮಡಿಸುವುದು ಕಲಿಸಿದವಳು ದೊಡ್ಡವಳು. ಹೊಟ್ಟೆಯೊಳಗೆ ಮಗು ಒದೆಯತೊಡಗಿದಂತೆ ಗಿಣಿಗೆ ತಾಯಿಯ ನೆನಪು ಬಂತೋ, ಅಕ್ಕನ ನೆನಪೇ ಬಂತೋ, ಅವಳಿಗೇ ಗೊತ್ತಾಗುತ್ತಿರಲಿಲ್ಲ. ಎರಡೂ ಒಂದೇ ಮುಖವಾಗಿದ್ದವು.

ದೊಡ್ಡವಳು ಮಾತ್ರ ಜಗ್ಗಲಿಲ್ಲ. ಕೆಲಸ ಯಾರು ನೋಡುತ್ತಾರೆ ಎಂದಳು. ಆಸ್ಪತ್ರೆಯ ವಾಸನೆ ತನಗೆ ಆಗುವುದಿಲ್ಲ ಎಂದಳು. ಕೆಲಸ ನಾನು ನೋಡಿಕೊಳ್ಳುತ್ತೇನೆ ಎಂದರೆ ಕತ್ತರಿಗೆ ಎಣ್ಣೆ ಬಿಡುತ್ತ ಕೂತಳು. ಗಿಣಿ ಆಸ್ಪತ್ರೆಯಲ್ಲಿ ನಡೆಯುವ ಹಾಲೂಡಿಸುವ ತರಗತಿಗೆ ಹೋಗಿ ಬಂದು, ಮಡಿಲಲ್ಲಿ ದಿಂಬು ಇಟ್ಟುಕೊಂಡು ನಮಗೆಲ್ಲ ಅಭಿನಯಿಸಿ ತೋರಿಸುತ್ತಿದ್ದಳು. ಮೊಲೆಯನ್ನು ಮಗುವಿನತ್ತ ಬಗ್ಗಿಸಬಾರದಂತೆ, ಮಗುವನ್ನೇ ಮೊಲೆಯ ಹತ್ತಿರ ತರಬೇಕಂತೆ. ತೊಟ್ಟಷ್ಟೇ ಸಾಲದಂತೆ, ಸುತ್ತಲಿನ ಕಪ್ಪೂ ಬಾಯೊಳಗೆ ಹೋಗುವಷ್ಟು ಬಾಯಿ ಅಗಲವಾಗಿ ತೆರೆದಿರಬೇಕಂತೆ. ಮೊದಲ ದಿನಗಳ ಹಳದಿ ಹಾಲು ಚಮಚದಷ್ಟೇ ಬಂದರೂ ಅಷ್ಟು ಸಾಕಂತೆ. ಮಿಷನ್ನಿನ ಹೆಂಗಸರು ಮುಸಿಮುಸಿ ನಗುತ್ತ ತಮ್ಮ ತಮ್ಮ ಬುದ್ಧಿವಾದ ತೂರಿಸುತ್ತಿದ್ದರು. ಚಿಕ್ಕ ಎದೆಯವರಿಗೆ ಹಾಲು ಕಡಿಮೆ ಎಂದು ಒಬ್ಬಳು ಹೇಳಿದ್ದಕ್ಕೆ ಗಿಣಿ ಮಾರನೆಯ ದಿನ ತರಗತಿಯ ಸಿಸ್ಟರನ್ನೇ ಕೇಳಿ ಬಂದು, ಎದೆಯ ಗಾತ್ರಕ್ಕೂ ಹಾಲಿಗೂ ಸಂಬಂಧವೇ ಇಲ್ಲವೆಂದು ಅವಳ ಬಾಯಿ ಮುಚ್ಚಿಸಿದಳು. ಕೋಣೆಯೆಲ್ಲ ನಗುವಾಗ ದೊಡ್ಡವಳು ಕಿಟಕಿಗೆ ಮುಖ ಮಾಡಿ ಕತ್ತರಿಸುತ್ತಲೇ ಇರುತ್ತಿದ್ದಳು.

ಒಂದು ಮಧ್ಯಾಹ್ನ ಗಿಣಿ ಮೂಟೆಗಳ ಹಿಂದೆ ಕೂತು ಅಳುತ್ತಿದ್ದಳು. ಅಕ್ಕನಿಗೆ ನನ್ನ ಮಗು ಬೇಡ ಚಿಕ್ಕಮ್ಮ, ಹೊಟ್ಟೆಯ ಕಡೆ ನೋಡುವುದೂ ಇಲ್ಲ, ಎಂದಳು. ನಾನು ಅವಳ ಬೆನ್ನು ಸವರಿ ಏನೋ ಒಂದು ಹೇಳಿ ಕಳಿಸಿದೆ. ನನಗೆ ಗೊತ್ತಿದ್ದ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವ ಹಕ್ಕು ದೊಡ್ಡವಳದು, ನನ್ನದಲ್ಲ.

ಅಷ್ಟರಲ್ಲಿ ಗೊಂಬೆಗಳ ಕೆಲಸ ಬಂತು. ಆಸ್ಪತ್ರೆಯಲ್ಲಿ ಬಸುರಿಯರಿಗೆ ಹಾಲೂಡಿಸುವುದನ್ನು ಕಲಿಸುವ ನರ್ಸಮ್ಮನನ್ನು ಗಿಣಿ ಹಾಲಿನ ಸಿಸ್ಟರ್ ಎಂದು ಕರೆಯುತ್ತಿದ್ದಳು. ತರಗತಿಯಲ್ಲಿ ಎತ್ತಿಕೊಂಡು ಅಭ್ಯಾಸ ಮಾಡಲು ಹುಟ್ಟಿದ ಮಗುವಿನಷ್ಟೇ ಉದ್ದದ, ಅಷ್ಟೇ ಭಾರದ ಬಟ್ಟೆಗೊಂಬೆಗಳು ಬೇಕೆಂದು ಆಕೆ ನಮ್ಮನ್ನು ಕೇಳಿದರು. ನಾವು ಖುಷಿಯಾಗಿ ಒಪ್ಪಿಕೊಂಡೆವು. ದೊಡ್ಡವಳು ಆಕಾರ ಕತ್ತರಿಸಿ ಕೊಟ್ಟಳು. ಭಾರಕ್ಕೆ ಹೊಟ್ಟೆಯಲ್ಲಿ ಮರಳಿನ ಗಂಟು ಇಟ್ಟು, ಮಿಕ್ಕದ್ದಕ್ಕೆಲ್ಲ ನಮ್ಮ ಹುಡುಗಿಯರು ಹತ್ತಿ ಗಿಡಿದರು. ನಮ್ಮ ಕೆಲಸದಲ್ಲಿ ಮರ್ಯಾದೆ ಇರುವುದೇ ಅಲ್ಲಿ: ಎಲ್ಲೂ ತಗ್ಗು ಬೀಳಬಾರದು, ಒತ್ತಿದರೆ ಮತ್ತೆ ಮೇಲೇಳಬೇಕು, ವರ್ಷಗಟ್ಟಲೆ ಕುಗ್ಗಬಾರದು.

ಗೊಂಬೆಗಳನ್ನು ನೋಡಲು ಬಂದ ಸಿಸ್ಟರ್ ಒಂದನ್ನು ಎತ್ತಿಕೊಂಡವರೇ ನಕ್ಕುಬಿಟ್ಟರು. ಇವು ಶಿಶುಗಳಲ್ಲ, ಸಿಪಾಯಿಗಳು ಎಂದರು. ಗೊಂಬೆಯ ತಲೆ ಎದೆಯುಬ್ಬಿಸಿ ನಿಂತವನ ತಲೆಯಂತೆ ನೆಟ್ಟಗಿತ್ತು. ಹುಟ್ಟಿದ ಮಗುವಿಗೆ ಕತ್ತು ನಿಲ್ಲುವುದಿಲ್ಲ, ಇಂಥದ್ದನ್ನು ಹಿಡಿದು ಕಲಿತವಳು ನಿಜವಾದ ಮಗುವಿನ ತಲೆ ವಾಲಿದ ಕೂಡಲೇ ಹೆದರಿ ಹಾಸಿಗೆಯಲ್ಲಿ ಮಲಗಿಸಿಬಿಡುತ್ತಾಳೆ ಎಂದು ವಿವರಿಸಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಹೆತ್ತವರೇ ಹೆಚ್ಚು, ಆದರೂ ಯಾರಿಗೂ ಅದು ಹೊಳೆದಿರಲಿಲ್ಲ. ಹತ್ತಿ ಕಂಡರೆ ಗಿಡಿಯಬೇಕು ಎಂದಷ್ಟೇ ನಮ್ಮ ಕೈಗೆ ಗೊತ್ತು.

ದೊಡ್ಡವಳು ಎದ್ದು ಬಂದಳು. ಗೊಂಬೆಯ ಬೆನ್ನಿನ ಹೊಲಿಗೆ ಬಿಚ್ಚಿ, ಕತ್ತಿನೊಳಗಿನ ಹತ್ತಿಯನ್ನೆಲ್ಲ ಬೆರಳಿನಿಂದ ಎಳೆದು ತೆಗೆದಳು. ಹೊಟ್ಟೆಯ ಮರಳಿನಲ್ಲಿ ಒಂದಿಷ್ಟು ತೆಗೆದು ಸಣ್ಣ ಗಂಟು ಕಟ್ಟಿ ತಲೆಯೊಳಗಿಟ್ಟಳು, ಹಿಂಬದಿಗೆ. ಹೊಲಿದು ಮುಗಿಸಿ ಗೊಂಬೆಯನ್ನು ಎತ್ತಿದಳು. ಆಗ ನಾನು ನೋಡಿದೆ. ತಲೆ ವಾಲುವುದಕ್ಕೆ ಮೊದಲೇ ಅವಳ ಅಂಗೈ ಅದರ ಅಡಿಗೆ ಹೋಗಿತ್ತು. ಮೈಯನ್ನು ತನ್ನತ್ತ ತಿರುಗಿಸಿಕೊಂಡು, ಕೆನ್ನೆಯನ್ನು ಎದೆಗೆ ಒರಗಿಸಿಕೊಂಡು, ಇನ್ನೊಂದು ಕೈಯಿಂದ ಅದರ ಕಾಲುಗಳನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಎಲ್ಲ ಒಂದೇ ಚಲನೆ, ಯೋಚನೆಯೇ ಇಲ್ಲ.

ಸಿಸ್ಟರ್ ಮೆಚ್ಚಿಕೊಂಡು, ನಿಮಗೆ ಎಷ್ಟು ಮಕ್ಕಳು ಎಂದು ಕೇಳಿದರು. ಇಲ್ಲ ಎಂದಳು ದೊಡ್ಡವಳು. ಗೊಂಬೆಯನ್ನು ಅವರ ಕೈಗಿತ್ತು ಮೇಜಿಗೆ ವಾಪಸಾದಳು. ಗಿಣಿಯ ಕೈಯಲ್ಲಿ ಸೂಜಿ ಅರ್ಧಕ್ಕೇ ನಿಂತಿತ್ತು. ಜೀವನದಲ್ಲಿ ಅದೊಂದು ದಿನ ಅವಳು ಸಂಜೆಯವರೆಗೆ ಬಾಯಿ ತೆರೆಯಲಿಲ್ಲ.

ಮಾರನೆಯ ದಿನ ಅಕ್ಕನನ್ನೇ ಕೇಳಿದಳಂತೆ. ದೊಡ್ಡವಳು, ಚಿಕ್ಕಮ್ಮನಿಗೆ ಗೊತ್ತು, ಅವರನ್ನು ಕೇಳು ಎಂದು ನನ್ನತ್ತ ತಳ್ಳಿದಳು. ಅದೇ ಅವಳ ಒಪ್ಪಿಗೆ ಎಂದು ತಿಳಿದು ನಾನು ಗಿಣಿಯನ್ನು ತಾರಸಿಯ ಮೇಲೆ ಕೂರಿಸಿಕೊಂಡು ಹೇಳಿದೆ. ಮದುವೆಯಾಗಿ ದೂರ ಹೋದ ದೊಡ್ಡವಳಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಹುಟ್ಟಿದಾಗಲೇ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. ಒಂದು ಬೆಳಗು ಅವಳ ಎದೆಯ ಮೇಲೆ ಮಲಗಿತ್ತು, ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಗಿಣಿ ಆಗ ಶಾಲೆಗೆ ಹೋಗುವ ಹುಡುಗಿ, ಅಕ್ಕ ಬಸುರಿ ಎನ್ನುವುದೂ ಅವಳಿಗೆ ತಿಳಿದಿರಲಿಲ್ಲ; ಅಕ್ಕನಿಗೆ ಜ್ವರ ಎಂದು ಹೇಳಿದ್ದರು. ಎರಡು ಮೂರು ದಿನ ಕಳೆದ ಮೇಲೆ ದೊಡ್ಡವಳಿಗೆ ಹಾಲು ಬಂತು. ಮಗು ಇಲ್ಲದಿದ್ದರೂ ಹಾಲು ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎದೆ ಕಲ್ಲಾಯಿತು, ರವಿಕೆ ತೊಯ್ದು ತೊಟ್ಟಿಕ್ಕಿತು, ಪಕ್ಕದ ಮನೆಯಲ್ಲಿ ಯಾವುದೋ ಕೂಸು ಅತ್ತರೂ ಸುರಿಯುತ್ತಿತ್ತು. ಅತ್ತೆ ಬಂದು ಸೀರೆಯ ತುಂಡಿನಿಂದ ಎದೆಯನ್ನು ಬಿಗಿದು ಕಟ್ಟಿ ಹೋದಳು. ಆ ಮನೆಯ ನಂಟು ಆಮೇಲೆ ಹರಿಯಿತು, ಅದು ಬೇರೆ ಕಥೆ. ದೊಡ್ಡವಳು ನನ್ನ ಬಳಿ ಬಂದು ಕತ್ತರಿ ಹಿಡಿದಳು.

ಕೇಳುತ್ತ ಕೇಳುತ್ತ ಗಿಣಿ ತನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು. ಅವಳು ಅಕ್ಕನನ್ನು ಇನ್ನು ಒತ್ತಾಯಿಸುವುದಿಲ್ಲ ಎಂದು ನಾನು ಅಂದುಕೊಂಡೆ. ಗಿಣಿಯನ್ನು ನಾನು ಇನ್ನೂ ಅರಿತಿರಲಿಲ್ಲ.

ಹೆರಿಗೆಯ ಹೊತ್ತಿನಲ್ಲಿ ಏನೇನು ಬೇಕು, ಏನೇನು ಬೇಡ ಎಂದು ಮೊದಲೇ ಯೋಚಿಸಿಕೊಂಡು ಬನ್ನಿ ಎಂದು ಹಾಲಿನ ಸಿಸ್ಟರ್ ಎಲ್ಲ ಬಸುರಿಯರಿಗೂ ಹೇಳಿದ್ದರು. ನಮ್ಮ ಗಿಣಿ ಗಿರಾಕಿಗಳು ಹಾಸಿಗೆಗೆ ಅಳತೆ ಕೊಡುವಂತೆ ಪಟಪಟನೆ ಹೇಳಿ ಬಂದಳು: ನೋವು ಬರುವಾಗ ಓಡಾಡಲು ಬಿಡಬೇಕು. ಹೊಕ್ಕುಳಬಳ್ಳಿಯ ಮಿಡಿತ ನಿಂತ ಮೇಲೆ ಕತ್ತರಿಸಬೇಕು. ಮಗುವನ್ನು ಒರೆಸಿ ಸೀದಾ ಬರಿಮೈಗೆ ಬರಿಮೈ ತಾಗುವಂತೆ ಎದೆಯ ಮೇಲೆ ಹಾಕಬೇಕು. ತನ್ನನ್ನು ಕೇಳದೆ ಬಾಟಲಿ ಬಾಯಿಗಿಡಬಾರದು. ಇದು ಆಸೆ, ಆರ್ಡರಲ್ಲ, ಆ ಹೊತ್ತಿಗೆ ನಿಮ್ಮ ಮೈಯೂ ಮಗುವೂ ಏನು ಹೇಳುತ್ತವೋ ಅದನ್ನೂ ಕೇಳಬೇಕಾಗುತ್ತದೆ ಎಂದು ಸಿಸ್ಟರ್ ತಿಳಿಸಿ ಹೇಳಿದರಂತೆ. ಕೊನೆಗೊಂದು ಪ್ರಶ್ನೆಯನ್ನೂ ಕೇಳಿದ್ದರು. ಅದನ್ನು ಗಿಣಿ ಊಟದ ಬಿಡುವಿನಲ್ಲಿ ತನ್ನ ಅಕ್ಕನ ಮೇಜಿಗೆ ತಂದಳು. ನಾನು ಮಿಷನ್ನಿಗೆ ಪಟ್ಟಿ ಏರಿಸುತ್ತಿದ್ದವಳು ಕೈ ನಿಲ್ಲಿಸಿದೆ.

"ಆಪರೇಷನ್ ಆಗಿ ನನಗೆ ಎಚ್ಚರ ಇಲ್ಲದಿದ್ರೆ ಮಗುನ ಮೊದಲು ಯಾರ ಎದೆ ಮೇಲೆ ಹಾಕ್ಬೇಕು ಅಂತ ಕೇಳಿದ್ರು. ನನ್ನಕ್ಕನ ಮೇಲೆ ಅಂದಿದೀನಿ."

ದೊಡ್ಡವಳು ಕತ್ತರಿ ಕೆಳಗಿಟ್ಟಳು. "ನನ್ನ ಎದೆ ಮೇಲೆ ಮಲಗಿದ ಮಗು ಏನಾಯ್ತು ಅಂತ ಈಗ ನಿನಗೆ ಗೊತ್ತಲ್ಲ."

"ಗೊತ್ತು. ಇದ್ದಷ್ಟು ಹೊತ್ತೂ ಅದು ಅಮ್ಮನ ಎದೆ ಮೇಲೆ ಇತ್ತು. ನಾನು ಕೇಳ್ತಿರೋದೂ ಅಷ್ಟೇ."

ದೊಡ್ಡವಳು ಮೇಜಿನ ಮೇಲಿನ ಬಟ್ಟೆಯ ಸುಕ್ಕು ತೀಡಿದಳು. ಆಮೇಲೆ ಅವಳು ಆಡಿದ ಮಾತನ್ನು ಇಷ್ಟು ವರ್ಷದಲ್ಲಿ ನಾನು ಅವಳ ಬಾಯಿಂದ ಕೇಳಿರಲಿಲ್ಲ.

"ನಾನು ಬೇಡ ಅಂದಿದ್ದು ಭಯಕ್ಕಲ್ಲ ಕಣೇ. ಆಸೆ ಆಗುತ್ತೆ. ಒಂದ್ಸಲ ಎತ್ಕೊಂಡ್ಮೇಲೆ ಕೆಳಗಿಡೋಕೆ ಮನಸ್ಸು ಬರ್ದೇ ಹೋದ್ರೆ, ಆ ಆಸೆನ ಎಲ್ಲಿ ಇಟ್ಕೊಳ್ಲಿ ನಾನು?"

ಗಿಣಿ ಅಕ್ಕನ ಕೈಯನ್ನು ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನದು ಒದೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ದೊಡ್ಡವಳು ಕೈ ಹಿಂದೆ ತೆಗೆಯಲಿಲ್ಲ. ಎಲ್ಲರೂ ಕೆಲಸಕ್ಕೆ ಕೂರಿ ಎಂದು ಸುಮ್ಮನೆ ರೇಗಿದೆ, ಊಟದ ಬಿಡುವು ಇನ್ನೂ ಮುಗಿದಿರಲಿಲ್ಲ.

ಅಂದಿನಿಂದ ಅವಳೂ ತರಗತಿಗೆ ಹೋದಳು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳಂತೆ, ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲವಂತೆ. ಕೊನೆಯ ದಿನ ಎಲ್ಲರೂ ಎದ್ದು ಹೋಗುವಾಗ ಮಾತ್ರ ಸಿಸ್ಟರ್ ಹತ್ತಿರ ನಿಂತು, ಮಗು ಉಳಿಯದೇ ಹೋದರೆ ಬಂದ ಹಾಲನ್ನು ಏನು ಮಾಡಬೇಕು ಎಂದು ಕೇಳಿದಳು. ಯಾಕೆ ಎಂದು ಸಿಸ್ಟರ್ ಕೇಳಲಿಲ್ಲ. ಕುರ್ಚಿ ಎಳೆದು ಅವಳನ್ನು ಕೂರಿಸಿ ಹೇಳಿದರು: ಬಿಗಿದು ಕಟ್ಟಬಾರದು, ನೋವು ತಗ್ಗುವಷ್ಟು ಮಾತ್ರ ಹಿಂಡಿ ತೆಗೆಯಬೇಕು, ತಣ್ಣೀರಿನ ಬಟ್ಟೆ ಇಡಬೇಕು, ದಿನ ಕಳೆದಂತೆ ತಾನಾಗಿ ಇಂಗುತ್ತದೆ, ಕೆಲವರು ಅದನ್ನು ಹಾಲಿಲ್ಲದ ಬೇರೆ ಕೂಸುಗಳಿಗೆ ಕೊಡುವುದೂ ಉಂಟು. ದೊಡ್ಡವಳು ಪೂರ್ತಿ ಕೇಳಿಸಿಕೊಂಡಳು. ಬೇರೆ ಕೂಸಿಗೆ ಕೊಡಬಹುದಿತ್ತಾ ಎಂದು ಒಮ್ಮೆ ಕೇಳಿದಳು, ಅಷ್ಟೇ. ದಾರಿಯುದ್ದಕ್ಕೂ ಅಕ್ಕ ಅದನ್ನೇ ಮೆಲುಕು ಹಾಕುತ್ತಿದ್ದಳು ಎಂದು ಗಿಣಿ ನನಗೆ ಹೇಳಿದಳು.

ಗಿಣಿಗೆ ನೀರು ಒಡೆದದ್ದು ಬೆಳಿಗ್ಗೆ, ಕೆಲಸದಲ್ಲಿ ಕೂತಿದ್ದಾಗಲೇ. ಬರಬೇಡ ಎಂದರೂ ಕೇಳದೆ ಬಂದಿದ್ದಳು, ಮಹಾರಾಯಿತಿ. ಇದೊಂದು ಗಂಟು ಹಾಕಿಬಿಡುತ್ತೇನೆ ತಡೆಯಿರಿ ಎಂದು ದಿಂಬಿನ ಬಾಯಿ ಮುಗಿಸಿಯೇ ಎದ್ದಳು. ದೊಡ್ಡವಳು ಆಗಲೇ ಚೀಲ ಹೆಗಲಿಗೇರಿಸಿ ಮೆಟ್ಟಿಲ ಬಳಿ ನಿಂತಿದ್ದಳು. ನಾನು ಬೀಗ ಹಾಕಿ ಹಿಂದಿನಿಂದ ಹೋದೆ.

ಆಸ್ಪತ್ರೆಯಲ್ಲಿ ಅಕ್ಕತಂಗಿ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಕೈ ಹಿಡಿದು ನಡೆದರು. ನೋವು ಬಂದಾಗ ಗಿಣಿ ಗೋಡೆಗೆ ಹಣೆ ಆನಿಸುತ್ತಿದ್ದಳು, ದೊಡ್ಡವಳು ಅವಳ ಸೊಂಟ ಒತ್ತುತ್ತಿದ್ದಳು. ಗಿಣಿ ಬಯಸಿದ್ದು ಅಷ್ಟರಮಟ್ಟಿಗೆ ನಡೆಯಿತು. ಮಧ್ಯಾಹ್ನ ದಾಟುವಾಗ ಮಗುವಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರ್ ಬಂದು ನೋಡಿ, ತಡಮಾಡುವಂತಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುತ್ತೇವೆ ಎಂದರು. ಗಾಲಿಮಂಚ ಎಳೆಯುವಾಗ ಗಿಣಿ ಅಕ್ಕನ ಕೈ ಬಿಡಲಿಲ್ಲ. ಬಾಗಿಲಲ್ಲಿ ನರ್ಸ್ ಬಿಡಿಸಿದಳು.

ಬೆಂಚಿನ ಮೇಲೆ ನಾವಿಬ್ಬರೇ ಕೂತೆವು. ನನಗೆ ಕೈಕಾಲು ಆಡುತ್ತಿರಲಿಲ್ಲ, ಅದಕ್ಕೇ ಬಾಯಿ ಆಡಿಸುತ್ತಿದ್ದೆ: ಆಸ್ಪತ್ರೆಯ ಹಾಸಿಗೆಗಳು ಎಷ್ಟು ಕುಗ್ಗಿವೆ, ಒಳಗೆ ಎಂಥ ರದ್ದಿ ತುಂಬಿದ್ದಾರೆ ಎಂದೆಲ್ಲ. ದೊಡ್ಡವಳು ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಒಳಗಿನಿಂದ ಅಳು ಕೇಳಿಸಿದಾಗ ನನ್ನ ತೊಡೆಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಗುರುತು ಬಹಳ ದಿನ ಉಳಿಯಿತು.

ಹಾಲಿನ ಸಿಸ್ಟರೇ ಬಂದರು. ಹೆಣ್ಣು, ಚೆನ್ನಾಗಿದೆ, ತಾಯಿಯೂ ಚೆನ್ನಾಗಿದ್ದಾಳೆ, ಎಚ್ಚರವಾಗಲು ಹೊತ್ತಿದೆ ಎಂದರು. ದೊಡ್ಡವಳನ್ನು ಪಕ್ಕದ ಕೋಣೆಗೆ ಕರೆದೊಯ್ದು, ರವಿಕೆ ಬಿಚ್ಚಿಸಿ, ಮುಂದೆ ದಾರ ಕಟ್ಟುವ ಗೌನು ತೊಡಿಸಿ ಕುರ್ಚಿಯಲ್ಲಿ ಒರಗಿಸಿದರು. ಮಗುವನ್ನು ಅವಳ ಎದೆಯ ಮೇಲೆ ಕವುಚಿ ಮಲಗಿಸಿ ಮೇಲೊಂದು ಬಟ್ಟೆ ಹೊದಿಸಿದರು. ಕೂಸಿನ ಅಂಗಿ ಹಿಡಿದುಕೊಂಡಿದ್ದೇನೆಂಬ ನೆಪದಲ್ಲಿ ನಾನೂ ಒಳಗೆ ನುಸುಳಿದೆ.

ಅಳುತ್ತಿದ್ದದ್ದು ಸುಮ್ಮನಾಯಿತು. ದೊಡ್ಡವಳು ಮೊದಮೊದಲು ಅದರ ಬೆನ್ನಿನ ಮೇಲೆ ಬರಿಯ ಬೆರಳ ತುದಿ ಇಟ್ಟಿದ್ದಳು. ಬೆನ್ನು ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಏರಿ ಇಳಿದು, ಮತ್ತೆ ಏರಿತು. ಎಷ್ಟೋ ಹೊತ್ತಿನ ಮೇಲೆ ಅಂಗೈ ಪೂರ್ತಿ ಇಟ್ಟಳು, ಆಮೇಲೆ ಇನ್ನೊಂದನ್ನೂ ಇಟ್ಟಳು.

ಆಗ ಕೂಸು ತಲೆ ಎತ್ತಲು ನೋಡಿತು. ಕೆನ್ನೆಯನ್ನು ಅವಳ ಮೈಗೆ ಉಜ್ಜುತ್ತ, ಕಾಲಿನಿಂದ ಒದ್ದುಕೊಳ್ಳುತ್ತ, ಒಂದಿಷ್ಟೊಂದಿಷ್ಟೇ ಪಕ್ಕಕ್ಕೆ ಸರಿಯಿತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ಅಗಲವಾಗಿ ತೆರೆಯಿತು. ಹುಡುಕುತ್ತಿತ್ತು. ಸಿಸ್ಟರ್ ಎತ್ತಿಕೊಳ್ಳಲೆಂದು ಬಾಗಿದರು. ಇರಲಿ ಬಿಡಿ ಎಂದು ದೊಡ್ಡವಳು ತಲೆಯಾಡಿಸಿದಳು. ಕಣ್ಣೀರು ಅವಳ ಗಲ್ಲದಿಂದ ಕೂಸಿನ ನೆತ್ತಿಯ ಮೇಲೆ ಬೀಳುತ್ತಿತ್ತು, ಅದನ್ನು ಅವಳು ಹೆಬ್ಬೆರಳಿನಿಂದ ಒರೆಸುತ್ತಿದ್ದಳು.

"ಇಲ್ಲಮ್ಮಾ, ಈಗ ಇಲ್ಲ," ಎಂದಳು ಅದರ ಕಿವಿಯ ಹತ್ತಿರ. "ಇತ್ತು. ತುಂಬಾ ಇತ್ತು. ಆಗ ನೀನಿರ್ಲಿಲ್ಲ."

ಪಕ್ಕದಿಂದ ಯಾರೋ ಬಂದು ತಾಯಿಗೆ ಎಚ್ಚರವಾಗಿದೆ, ಮಗುವನ್ನು ಕೇಳುತ್ತಿದ್ದಾಳೆ ಎಂದರು. ದೊಡ್ಡವಳು ಹೇಗೆ ಕೊಡುತ್ತಾಳೋ ಎಂದು ನಾನು ಅವಳನ್ನೇ ನೋಡಿದೆ. ಅವಳು ತಕ್ಷಣ ಎದ್ದಳು. ತಾನೇ ನಡೆದು ಹೋಗಿ, ಗಿಣಿಯ ಪಕ್ಕದಲ್ಲಿ ಬಾಗಿ, ಮಗುವನ್ನು ಅವಳ ಎದೆಗೆ ಹಚ್ಚಿದಳು. ಕೂಸು ಒಂದು ಸಲ ತಪ್ಪಿತು, ಎರಡನೆಯ ಸಲ ಬಾಯಿ ತುಂಬ ಹಿಡಿಯಿತು. ಗಿಣಿ ಮತ್ತಿನಲ್ಲಿ ತೊದಲುತ್ತ, ಬಹಳ ಅತ್ತಿತಾ ಅಕ್ಕ ಎಂದು ಕೇಳಿದಳು.

"ಅಳ್ಲಿಲ್ಲ," ಎಂದಳು ದೊಡ್ಡವಳು. "ನಿನ್ನನ್ನ ಹುಡುಕ್ತಾ ಇತ್ತು."

ಮಗು ಗುಟುಕರಿಸುವುದು ಕೇಳಿಸುವವರೆಗೆ ಅಲ್ಲೇ ನಿಂತಿದ್ದಳು. ಆಮೇಲೆ ಗೋಡೆಯ ಕಡೆ ತಿರುಗಿ ತನ್ನ ಗೌನಿನ ದಾರ ಕಟ್ಟಿಕೊಳ್ಳಲು ಹೋದಳು. ಎಷ್ಟು ಸಲ ಹಾಕಿದರೂ ಗಂಟು ನಿಲ್ಲಲಿಲ್ಲ, ನಾನೇ ಹೋಗಿ ಕಟ್ಟಿದೆ.